ಬಾವಿಗೆ ಮರಳಿಸಿದ ನೀರು

ಖಾನಾಪುರದ ಕಲಂದರ ಎತ್ತುಗಳ ಮೇಲೆ ಮೆಣಸಿನಕಾಯಿ ಹೇರಿಕೊಂಡು, ಘಟ್ಟ ಇಳಿದು ಗೋವೆಗೆ ಹೋಗಿಬರುವ ವ್ಯಾಪಾರಿ. ಆ ಸಲ ಬೆಳಗಾವಿ ಖಾಸಬಾಗದ ಪಾಯಪ್ಪನೂ ಅವನ ಜೊತೆ ಹೊರಟ. ತೆಂಗಿನಕಾಯಿ ವ್ಯಾಪಾರಕ್ಕೆಂದು ಪೋರ್ತುಗೀಸರ ಸೀಮೆಗೆ ಇಳಿದ ತಮ್ಮ ಸಾತಪ್ಪ ವರ್ಷಗಳಾದರೂ ಮರಳಿರಲಿಲ್ಲ. ಅವನ ಸುದ್ದಿ ತಿಳಿಯುವ ತನಕ ಹಾಲು ಮುಟ್ಟುವುದಿಲ್ಲವೆಂದು ತಾಯಿ ಪದ್ಮವ್ವ ಬಸದಿಯಲ್ಲಿ ನೇಮ ಹಿಡಿದಿದ್ದಳು. ಈಗ ಗೋಡೆ ಹಿಡಿದು ನಡೆಯುತ್ತಿದ್ದಳು.

ಗಡಿಯಲ್ಲಿ ಸಿಪಾಯಿ ಗಂಟು ಬಿಚ್ಚಿಸಿ, ಬಿಳಿ ಅರಿವೆ, ಹಗ್ಗ, ತಂಬಿಗೆಗಳನ್ನು ತಿರುವಿ ತಿರುವಿ ನೋಡಿ ಬಿಟ್ಟ.

"ಇನ್ನ ಮುಂದ ಕೇಳೂದು ಕಡಿಮಿ ಮಾಡ್ರಿ ಸಾಹುಕಾರ್ರ," ಎಂದ ಕಲಂದರ. "ಈ ಕಡೆ ಕೇಳಾವ್ರು ಅಂದ್ರ ಪೊಲೀಸ್ರ."

ಆದರೆ ಕೇಳದೆ ಹೇಗೆ? ಘಟ್ಟದ ಬುಡದ ಹಳ್ಳಿಯಲ್ಲಿ ಪಾಯಪ್ಪ ಮರಾಠಿಯಲ್ಲಿ ವಿಚಾರಿಸಿದ. ಅಂಗಡಿಯವನು ಅಂಥವನಿಲ್ಲವೆಂದ, ನಿನ್ನನ್ನು ಕಳಿಸಿದವರು ಯಾರು, ಹಿಂದೆ ಇನ್ನೆಷ್ಟು ಜನ ಬರುತ್ತಿದ್ದಾರೆ ಎಂದು ತಿರುಗಿ ಕೇಳಿದ. ಭತ್ತ ಒಣಗಿಸುತ್ತಿದ್ದವಳೂ ಅದನ್ನೇ ಅಂದು ಬಾಗಿಲು ಮುಚ್ಚಿಕೊಂಡಳು. ಎಲ್ಲರದೂ ಒಂದೇ ಮಾತು. ತಮ್ಮನನ್ನು ಇವರೇ ಏನಾದರೂ ಮಾಡಿರಬಹುದೇ ಎಂಬ ಸಂಶಯ ಪಾಯಪ್ಪನ ಎದೆಯಲ್ಲಿ ತಣ್ಣಗೆ ಕೂತಿತು.

ಹೊತ್ತು ಇಳಿಯುತ್ತಿತ್ತು. ಮುಳುಗುವ ಮೊದಲೇ ಊಟ ಮುಗಿಯಬೇಕೆಂಬುದು ಜೈನರ ನೇಮ. ಅವನು ಊರ ಬಾವಿಯಿಂದ ನೀರು ಸೇದಿ, ಅರಿವೆಯಲ್ಲಿ ಸೋಸಿಕೊಂಡ. ಅರಿವೆಗೆ ಅಂಟಿದ ಸಣ್ಣ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಂಬಿಗೆಯಲ್ಲಿ ಮೆಲ್ಲಗೆ ಕೆಳಗಿಳಿಸಿ ಬಾವಿಗೇ ಬಿಟ್ಟ. ಅವು ಹುಟ್ಟಿದ ನೀರಿಗೇ ಅವು ಸೇರಬೇಕು.

ತಂಬಿಗೆ ಬಾವಿಗಿಳಿದದ್ದನ್ನಷ್ಟೇ ದೂರದಿಂದ ಕಂಡ ಯಾರೋ ಕೂಗಿದರು. ಬಾವಿಗೆ ವಿಷ ಹಾಕಿದನೆಂದು ಗಂಡಸರು ಬಂದು ಅವನ ರಟ್ಟೆ ಹಿಡಿದರು. ಕೇಳುತ್ತ ಬಂದ ಪರಊರವನೆಂಬ ಸಂಶಯಕ್ಕೆ, ಕಲಂದರ ಎಷ್ಟು ಬಿಡಿಸಿ ಹೇಳಿದರೂ ನಂಬದೆ, ಅವನ ಎತ್ತುಗಳ ಹಗ್ಗವನ್ನೂ ಕಸಿದುಕೊಂಡರು.

ಆಗ ಒಬ್ಬ ಮುದುಕಿ ಬಂದಳು. ಖಾನಾಪುರ ಕಡೆ ಹುಟ್ಟಿ ಆ ಊರಿಗೆ ಸೊಸೆಯಾಗಿ ಬಂದವಳು. ಎರಡು ಪದರು ಮಡಿಚಿದ ಹಸಿ ಅರಿವೆಯನ್ನು ಕೈಗೆತ್ತಿಕೊಂಡು ನೋಡಿದಳು.

"ಇದನ್ನ ಯಾರು ಕಲಿಸ್ಯಾರ ನಿನಗ?"

"ನಮ್ಮವ್ವ."

"ಹಿಂಗ ನೀರು ತಿರುಗಿ ಬಿಡಾಂವ ಇಲ್ಲೆ ಇನ್ನೊಬ್ಬ ಅದಾನ. ಅವನ್ನೂ ಮದಲ ಹಿಂಗ ಹಿಡದಿದ್ರು."

ತಮ್ಮನ ಹೆಸರು ಹೇಳಿ, ಅವನೇನಾ ಎಂದು ಪಾಯಪ್ಪ ಕೇಳಿದ. ಮುದುಕಿ ಉಳಿದದ್ದನ್ನೂ ಹೇಳಿದಳು. ಸಾತಪ್ಪ ಆ ಊರ, ಬೇರೆ ಕುಲದ ಹುಡುಗಿಯನ್ನು ಮದುವೆಯಾಗಿದ್ದ. ತನ್ನ ಕುಲದ ಹಿರಿಯರು ಬಂದು ಎಳೆದೊಯ್ದಾರೆಂಬ ಭಯಕ್ಕೆ, ಯಾರು ಕೇಳಿದರೂ ಇಲ್ಲವೆನ್ನುವಂತೆ ಊರಿನಿಂದ ಮಾತು ತೆಗೆದುಕೊಂಡಿದ್ದ.

"ಕರಕೊಂಡು ಹೋಗಾಕ ಬಂದೀಯೋ, ನೋಡಾಕ ಬಂದೀಯೋ?"

ಕರೆದೊಯ್ಯಲೆಂದೇ ಘಟ್ಟ ಇಳಿದವನು ಅವಳ ಕೈಯಲ್ಲಿದ್ದ ಹಸಿ ಅರಿವೆಯನ್ನು ನೋಡಿದ. "ನೋಡಾಕ, ಆಯಿ," ಎಂದ ಕಡೆಗೆ. "ನೋಡೇನಿ ಅಂತ ಹೇಳಿದ್ರ ನಮ್ಮವ್ವ ಹಾಲು ಕುಡೀತಾಳ."

ಮುದುಕಿ ಪೂರಾ ನಂಬಲಿಲ್ಲ. ಮನೆ ತೋರಿಸದೆ, ಇಲ್ಲೇ ಕೂಡು, ಹೊತ್ತು ಮುಳುಗುವ ಮೊದಲು ಅವನೂ ನೀರಿಗೆ ಬರಲೇಬೇಕಲ್ಲ ಎಂದಳು. ಗಂಡಸರು ಅವನ ರಟ್ಟೆ ಬಿಟ್ಟರೂ ಕುಡುಗೋಲು ಹಿಡಿದೇ ದೂರ ಕೂತರು.

ಹೆಗಲ ಮೇಲೆ ಅರಿವೆ ಹಾಕಿಕೊಂಡು ಕೊಡದೊಂದಿಗೆ ಬಂದವನು ಅಣ್ಣನನ್ನು ಕಂಡು ನಿಂತುಬಿಟ್ಟ. ಅವನ ಕಣ್ಣು ಅಣ್ಣನ ಬೆನ್ನಹಿಂದಿನ ದಾರಿಯನ್ನು ಹುಡುಕಿತು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಂದು, ನೀರು ಸೇದಿ, ಕೊಡದ ಬಾಯಿಗೆ ಅರಿವೆ ಹಾಸಿದ. ಪಾಯಪ್ಪ ಎದ್ದು ಇನ್ನೊಂದು ಅಂಚು ಹಿಡಿದ.

"ಅವ್ವ?" ಎಂದ ಸಾತಪ್ಪ, ತಲೆ ಎತ್ತದೆ.

"ನಿನ್ನ ಸುದ್ದಿ ಸಿಗೂತನಕ ಹಾಲು ಬಿಟ್ಟಾಳ."

ಸುರಿಯುತ್ತಿದ್ದ ನೀರು ನಿಂತಿತು.

"ಕುಡಿಯಾಕ ಹೇಳು. ಎಲ್ಲೆ ನೋಡಿದಿ ಅಂತ ಮಾತ್ರ ಯಾರಿಗೂ ಹೇಳಬ್ಯಾಡ, ಅಣ್ಣಾ."

ಪಾಯಪ್ಪ ಅಂಚು ಬಿಡದೆ ತಲೆಯಾಡಿಸಿದ. ತಮ್ಮ ಮತ್ತೆ ನೀರು ಸುರಿದ.