ಅವ್ವನ ಬುಗುಡಿ

"ಇನ್ನೊಸಿ ಕೇಸರಿಬಾತು ಹಾಕುಸ್ಕಳಿ. ಅದ್ಯಾಕ ಅಷ್ಟು ಆತುರ ನಿಮಗ?" ಎಂದು ಭಾನು ಬಡಿಸುವವನನ್ನು ಗಂಡನ ಎಲೆಯ ಕಡೆಗೆ ಕರೆದಳು.

ಶಿವಸ್ವಾಮಿ ಎಲೆಗೆ ಕೈ ಅಡ್ಡ ಹಿಡಿದ. "ಸಾಕು ಕಣ. ಗುಂಡ್ಲುಪೇಟ ಏನು ಪಕ್ಕದ ಬೀದಿಲಿ ಅದಾ? ಸೋದರಮಾವನೇ ತಡವಾಗಿ ಓದ್ರ ಜನ ಏನಂದರು?"

ಒಂದೇ ದಿನ ಎರಡು ಕಡೆ ಕರೆ. ಬೆಳಿಗ್ಗೆ ಚಾಮರಾಜನಗರದ ಹೊಸ ಬಡಾವಣೆಯಲ್ಲಿ ಗೆಳೆಯ ಶಾಂತರಾಜುವಿನ ಮನೆ ಒಕ್ಕಲು, ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ತಂಗಿ ಮಾನಸಳ ಮಗಳು ಶಿವಾನಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೆ ಕೂತರೇ ಆಚಾರಿ ಕಿವಿಗೆ ಕೈ ಹಾಕುವುದು. ಮಾನಸಳಿಗೆ ಒಡಹುಟ್ಟಿದವನೆಂದರೆ ಶಿವಸ್ವಾಮಿ ಒಬ್ಬನೇ. ಸಂತೆಮರಹಳ್ಳಿಯ ಹಾಲಿನ ಡೇರಿಗೆ ರಜೆ ಹಾಕಿ, ಹೊಸ ಬಿಳಿ ಪಂಚೆ ಉಟ್ಟು ಬಂದಿದ್ದ. ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ. ತೀರಿಹೋದ ಅವ್ವ ಸಣ್ಣತಾಯಮ್ಮ ಮೇಲುಗಿವಿಗೆ ಹಾಕುತ್ತಿದ್ದ ಬುಗುಡಿಯನ್ನು ಕರಗಿಸಿ ಮಗುವಿಗೆಂದು ಮಾಡಿಸಿದ ಓಲೆ ಅದರಲ್ಲಿತ್ತು.

"ತಂಗಿ ಮಗಳ ಕಿವಿ ಓಡೋಯ್ತದೇನ್ಲಾ?" ಎಂದು ಶಾಂತರಾಜು ಕೀಟಲೆ ಮಾಡಿದ. ಭಾನು ಅಷ್ಟರಲ್ಲಿ ಅಡುಗೆಯವರ ಹತ್ತಿರ ಹೋಗಿ ಶಾಂತರಾಜುವಿನ ಹೆಂಡತಿಯ ಜೊತೆ ಮಾತಿಗೆ ನಿಂತುಬಿಟ್ಟಳು. ಹೊಸ ಸಿಂಕು ನೋಡಿದಳು, ಮಹಡಿ ಹತ್ತಿ ಬಂದಳು, ಕಾಫಿ ಕೇಳಿ ಕುಡಿದಳು. ಶಿವಸ್ವಾಮಿ ಬೈಕಿನ ಹತ್ತಿರ ನಿಂತು ಚಡಪಡಿಸಿದ. ಆದರೂ ಒಳಗೊಳಗೇ ಖುಷಿಯೇ ಆಯಿತು. ಮಕ್ಕಳಾಗಲಿಲ್ಲ ಅಂತ ಆದಮೇಲೆ ಇಂಥ ಕಡೆಗೆಲ್ಲ ಭಾನು ಮುಳ್ಳಿನ ಮೇಲೆ ಕೂತಂತೆ ಕೂತು, ಉಂಡ ಕೈ ಒಣಗುವ ಮುಂಚೆ "ಓಗನ" ಎನ್ನುವವಳು. ಇವತ್ತಾದರೂ ನಾಲ್ಕು ಜನರ ಜೊತೆ ನಗುತ್ತಿದ್ದಾಳಲ್ಲ, ನಗಲಿ ಬಿಡು ಅಂದುಕೊಂಡ.

ದಾರಿಯಲ್ಲೂ ಹಾಗೇ. ಹೂವಿನ ಅಂಗಡಿಯಲ್ಲಿ ಮೊಳದ ಮೇಲೆ ಮೊಳ ಅಳೆಸಿದಳು. ತೆರಕಣಾಂಬಿ ದಾಟುವಾಗ ಬೆನ್ನು ತಟ್ಟಿ, "ಬಿಸ್ಲು ಕಣ್ರೀ, ಎಳನೀರು ಕುಡ್ಕಂಡು ಓಗನ" ಎಂದಳು. ಅವಳು ಹಾಗೆ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು! ಶಿವಸ್ವಾಮಿ ಗಂಜಿ ಇರುವ ಕಾಯಿಯನ್ನೇ ಆರಿಸಿ ಕೊಡಿಸಿದ.

ಗುಂಡ್ಲುಪೇಟೆಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬೈಕು ನಿಲ್ಲಿಸುವಷ್ಟರಲ್ಲಿ ಶಿವಾನಿ "ಮಾವಾ!" ಎಂದು ಓಡಿ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಎತ್ತಿಕೊಳ್ಳಲು ಬಗ್ಗಿದವನ ಕೈ ಅರ್ಧದಲ್ಲೇ ನಿಂತಿತು. ಕಿವಿ ಎರಡೂ ಕೆಂಪಗೆ, ಮೇಲೆ ಅರಿಶಿನದೆಣ್ಣೆ, ನಡುವೆ ಹೊಸ ಚಿನ್ನದ ರಿಂಗು.

ಚಿಕ್ಕಪ್ಪನ ಮಗ ಶಶಿಕುಮಾರ ಕುಂಕುಮ ಇಟ್ಟುಕೊಂಡು, ಶಲ್ಯ ಹೊದ್ದು ಕೂತಿದ್ದವನು ಎದ್ದು ಬಂದ. ಎರಡು ಗಂಡುಮಕ್ಕಳ ತಂದೆ. "ಈಗ ಬಂದ್ಯಾ ಅಣ್ಣ? ಒಳ್ಳೆ ಗಳಿಗ ಅಂತ ಬೆಳಿಗ್ಗೆನೇ ಮುಗುಸ್ಬುಟ್ರು. ನೀನು ಬಂದಿರ್ನಿಲ್ಲವಲ್ಲ, ನಾನೇ ಕೂರ್ಸ್ಕಂಡೆ."

ಶಿವಸ್ವಾಮಿ ಸೀದಾ ಅಡುಗೆಮನೆಗೆ ಹೋದ. ಮಾನಸ ಹಪ್ಪಳ ಕರಿಯುತ್ತಿದ್ದಳು.

"ಮದ್ಯಾನ ಅಂದಿದ್ಯಲ್ಲ ಕಣಮ್ಮಿ?"

ಅವಳು ತಲೆ ಎತ್ತಲಿಲ್ಲ. "ನಮ್ಮತ್ತ ಒಪ್ನಿಲ್ಲ ಅಣ್ಣ. ಮಕ್ಕಳಿಲ್ದೋರ ತೊಡ ಬ್ಯಾಡ ಅಂದ್ಬುಟ್ರು. ನಾನೇನು ಮಾಡ್ಲಿ, ಇದೇ ಮನೇಲಿ ಬಾಳ್ಬೇಕಲ್ಲ." ಆಮೇಲೆ ಮೆಲ್ಲಗೆ, "ಅತ್ತಿಗ ನಿನಗ ಹೇಳ್ನಿಲ್ವಾ? ಹೇಳಿರ್ತಾರ ಅಂದ್ಕಂಡೆ" ಎಂದಳು.

ಅವನು ತಿರುಗಿ ನೋಡಿದ. ಭಾನು ಹೊಸಿಲಾಚೆ ಹೂವಿನ ಪೊಟ್ಟಣ ಹಿಡಿದು ನಿಂತಿದ್ದಳು.

"ನಿನಗ ಗೊತ್ತಿತ್ತಾ?"

"ನೆನ್ನ ರಾತ್ರಿ ಅತ್ಕಂಡು ಫೋನ್ ಮಾಡಿದ್ಲು. ನೀವು ಬಂದು ಎಲ್ಲಾರ ಮುಂದ ಆ ಮಾತು ಅನ್ನುಸ್ಕಳದು ಬ್ಯಾಡ ಅಂತ..."

"ಅದಕ ದಾರೀಲಿ ಎಳನೀರು ಕೇಳುದ್ಯಾ?"

ಭಾನು ಹೂವಿನ ಪೊಟ್ಟಣವನ್ನು ಪಕ್ಕದ ಕಿಟಕಿಯ ಮೇಲಿಟ್ಟಳು.

ತಂಗಿ ಅತ್ತೆಗೆ ಹೆದರಿದಳು, ಆಯಿತು. ಆ ಮುದುಕಿ ತನ್ನ ಮೂಢತನ ಮೆರೆದಳು, ಅದೂ ಆಯಿತು. ಆದರೆ ಆ ಮಾತು ಬಿದ್ದದ್ದು ತಮ್ಮಿಬ್ಬರ ಮೇಲೂ ತಾನೆ? ಇಬ್ಬರೂ ಕೂಡಿ ಅಳಬೇಕಾದದ್ದನ್ನು ಇವಳೊಬ್ಬಳೇ ಕೇಳಿಸಿಕೊಂಡು, ನುಂಗಿಕೊಂಡು, ತನ್ನನ್ನು ತಡಮಾಡಿಸಿ ಅವರ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದಳು. ಬೆಳಗಿನಿಂದ ಅವಳು ನಕ್ಕ ನಗುವೆಲ್ಲ ಸುಳ್ಳಾಗಿತ್ತು. ಅದನ್ನು ನೋಡಿ ತಾನು ಖುಷಿಪಟ್ಟೆನಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ ಅನ್ನಿಸಿತು.

ಹೊರಟುಬಿಡೋಣವೆಂದು ಶಾಮಿಯಾನದವರೆಗೆ ಬಂದ. ಬೈಕಿನ ಕೀಲಿ ತೆಗೆದವನು ಮತ್ತೆ ಜೇಬಿಗೆ ಹಾಕಿದ. ಮೂಲೆಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಯಾವ ಮಾಯದಲ್ಲೋ ಶಿವಾನಿ ಬಂದು ತೊಡೆ ಏರಿದಳು. ಮಗುವಿಗೆ ಯಾರ ತೊಡೆ ಆಗುತ್ತದೆ, ಯಾರದು ಆಗುವುದಿಲ್ಲ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಕಿವಿ ನೋಯ್ತದ ಮಾವ."

"ಓಯ್ತದ ಮಗ, ನಾಳಕ ಓಯ್ತದ."

ಅವಳು ಅವನ ಎದೆಗೆ ತಲೆ ಒರಗಿಸಿ ಜೇಬು ಮುಟ್ಟಿದಳು. "ಇದೇನು ಗಟ್ಟಿಗದ?"

"ಏನಿಲ್ಲ ಕಣಮ್ಮಿ. ಮಲಿಕ."

ಅತ್ತು ಸುಸ್ತಾಗಿದ್ದ ಮಗು ಹಾಗೇ ತೊಡೆಯ ಮೇಲೆ ತಲೆ ಜಾರಿಸಿ ನಿದ್ದೆಹೋಯಿತು. ಊಟಕ್ಕೆ ಎಲೆ ಹಾಕುತ್ತಿದ್ದವರು ಒಬ್ಬೊಬ್ಬರಾಗಿ ಈ ಕಡೆ ನೋಡಿದರು. ಶಶಿಕುಮಾರ ಶಲ್ಯ ಸರಿಮಾಡಿಕೊಂಡು ಬೇರೆ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಮಾನಸಳ ಅತ್ತೆ ಚಿಕ್ಕಬಸಮ್ಮ ಬಂದು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಲು ನಯವಾಗಿತ್ತು.

"ನಿಮಗ ಕಾಲು ಇಡ್ಕತದ, ಕೊಡಿ. ಒಳಗ ಮಲಗುಸ್ತೀನಿ."

ಬಗ್ಗಿ ಮಗುವನ್ನು ಎತ್ತಿಕೊಂಡು ಹೊರಟೇ ಹೋದಳು. ಅವನ ಹೊಸ ಪಂಚೆಯ ಮೇಲೆ ಮಗುವಿನ ಕಿವಿ ತಾಗಿದ ಕಡೆ ಅರಿಶಿನದೆಣ್ಣೆ ಅಂಟಿತ್ತು.

ಭಾನು ಒದ್ದೆ ಸೆರಗು ಹಿಡಿದು ಪಕ್ಕದಲ್ಲಿ ಕುಕ್ಕರಿಸಿದಳು. "ಕಲೆ ಆಯ್ತದ ರೀ. ಒರೆಸ್ತೀನಿ."

"ಬುಡು, ಮುಟ್ಬ್ಯಾಡ."

"ಮೊದಲ್ನೆ ಪಂಕ್ತಿ ಏಳ್ರಪ್ಪೋ" ಎಂದು ಯಾರೋ ಕೂಗಿದರು. ಸುತ್ತ ಕೂತಿದ್ದವರೆಲ್ಲ ಎದ್ದರು. ಮಗು ಇನ್ನೂ ಅಲ್ಲೇ ಮಲಗಿದೆ ಎನ್ನುವ ಹಾಗೆ ಶಿವಸ್ವಾಮಿ ಮಡಿಚಿದ ಕಾಲು ಬಿಡಿಸದೆ ಕೂತೇ ಇದ್ದ.