ಮತ್ತೆ ಸೇರಿಸಿದ ಸಾಲು

ನಮ್ಮ ಜಯನಗರದ ಮನೆಯ ಊಟದ ಮೇಜಿನ ಮೇಲೆ ಆರು ವಾರದಿಂದ ಆರ್ಮ್ ಅನ್ನುವ ಬೇರೆ ಜಾತಿಯ ಚಿಪ್ಪಿನ ಒಂದು ಸರ್ವರ್ ಕಂಪ್ಯೂಟರ್ ಕೂತಿತ್ತು. ಕರೆಂಟು ಕಡಿಮೆ ತಿನ್ನುತ್ತದೆ ಅನ್ನುವ ಒಂದು ಗುಣ ಬಿಟ್ಟರೆ ಪರಮ ಹಟಮಾರಿ. ಇಂಟೆಲ್ ಯಂತ್ರಗಳಿಗೆಂದೇ ಬರೆದ ಫೈರ್‌ವಾಲ್ ಆಪರೇಟಿಂಗ್ ಸಿಸ್ಟಮ್ಮನ್ನು ಅದರ ಮೇಲೆ ಬೂಟ್ ಮಾಡಿಸಲು, ಅಂದರೆ ಎಬ್ಬಿಸಿ ಓಡಿಸಲು, ಹೊರಟವರು ನಾನು ಮತ್ತು ಚೈತ್ರ. ಯಾರೂ ಕೇಳಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ.

ಹನ್ನೆರಡು ವರ್ಷದ ಹಿಂದೆ ಒಂದೇ ಆಫೀಸಿನಲ್ಲಿ ನಮ್ಮದು ಅಕ್ಕಪಕ್ಕದ ಕುರ್ಚಿ. ಎರಡನೇ ಮಗುವಾದ ಮೇಲೆ ಅವಳು ಕೆಲಸ ಬಿಟ್ಟು, ಗೊಟ್ಟಿಗೆರೆಯಲ್ಲಿ ಅತ್ತೆಮನೆಯವರು ಕಟ್ಟಿಸಿದ ಬಾಡಿಗೆ ಮನೆಗಳ ಉಸ್ತುವಾರಿಗೆ ನಿಂತಳು. ನಾನು ಕೆಲಸದಲ್ಲೇ ಉಳಿದೆ. ಪಕ್ಕದ ಕುರ್ಚಿಗೆ ಎಷ್ಟೋ ಜನ ಬಂದು ಹೋದರು, ಅವಳ ಹಾಗೆ ನನ್ನ ಜೊತೆ ಜಗಳವಾಡುವವರು ಸಿಗಲಿಲ್ಲ. ಈಗ ಒಂದು ಕಂಪನಿ ಅವಳನ್ನು ಇಂಟರ್ವ್ಯೂಗೆ ಕರೆದಿತ್ತು.

“ಇದು ಬೂಟ್ ಆದ್ರೆ ಹೋಗ್ತೀನಿ ಕಣೇ ಚೂಡಾ. ಇಲ್ಲಾಂದ್ರೆ ನನ್ ತಲೇಲಿ ಏನೂ ಉಳಿದಿಲ್ಲ ಅಂತ ಅರ್ಥ,” ಅಂದಿದ್ದಳು.

ಪ್ರತಿ ಶನಿವಾರ ಬೆಳಗ್ಗೆ ಬನ್ನೇರುಘಟ್ಟ ರಸ್ತೆಯ ಧೂಳನ್ನೆಲ್ಲ ಹೊತ್ತು ಸ್ಕೂಟರಿನಲ್ಲಿ ಬರುತ್ತಿದ್ದಳು. ಸರ್ವರಿಗೆ ಪರದೆಯಿಲ್ಲ. ಅದು ಏನು ಹೇಳಿದರೂ ಒಂದು ಸೀರಿಯಲ್ ಕೇಬಲ್ಲಿನ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬರಬೇಕು. ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಲೋಡ್ ಆಯಿತು ಎಂಬಲ್ಲಿಯವರೆಗೆ ಅಕ್ಷರಗಳು ಬರುತ್ತಿದ್ದವು. ಆಮೇಲೆ ಗಪ್‌ಚುಪ್.

ಮೂರನೇ ಶನಿವಾರ ಅವಳು ಸೆಟ್ಟಿಂಗ್ ಫೈಲಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇದು ಇಂಟೆಲ್ ಕಾಲದ್ದು. ಸೀರಿಯಲ್ ಪೋರ್ಟು ಈ ಅಡ್ರೆಸ್ಸಲ್ಲೇ ಇದೆ ಅಂತ ಬಲವಂತ ಮಾಡ್ತಿದೆ. ಇದ್ರಲ್ಲಿ ಪೋರ್ಟು ಅಲ್ಲಿರಲ್ವಲ್ಲ? ತೆಗೆದು ನೋಡೋಣ್ವಾ?”

“ಹದಿನೈದು ವರ್ಷದಿಂದ ಎಲ್ಲಾ ಡಬ್ಬಕ್ಕೂ ಆ ಸಾಲು ಹಾಕ್ತಿದೀನಿ. ಅದನ್ನ ಮುಟ್ಬೇಡ,” ಅಂದೆ. ಹಳೆಯ ಫೈಲನ್ನೇ ಕಾಪಿ ಮಾಡುತ್ತ ಬಂದವರಿಗೆ ಬರುವ ಕೊಬ್ಬು ಅದು. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. ಹಿಂದೆ ಆಗಿದ್ದರೆ ನನ್ನ ಕೈಯಿಂದ ಕೀಬೋರ್ಡ್ ಕಿತ್ತುಕೊಳ್ಳುತ್ತಿದ್ದಳು.

ಮಂಗಳವಾರ ಒಬ್ಬಳೇ ಇದ್ದಾಗ ಆ ಸಾಲು ತೆಗೆದೆ. ದಬದಬನೆ ಅಕ್ಷರಗಳು ಸುರಿದವು. ನೆಟ್‌ವರ್ಕ್ ಕಾರ್ಡು, ಡಿಸ್ಕು, ಫೈರ್‌ವಾಲ್ ನಿಯಮಗಳು, ಕೊನೆಗೆ ಲಾಗಿನ್ ಕೇಳಿತು. ಇಷ್ಟು ದಿನವೂ ಅದು ಪೂರ್ತಿ ಬೂಟ್ ಆಗುತ್ತಲೇ ಇತ್ತು. ನಾವು ಕೇಳುವ ಕಡೆ ಮಾತಾಡುತ್ತಿರಲಿಲ್ಲ, ಅಷ್ಟೇ. ಖುಷಿಗೆ ಕೂಗಿಕೊಂಡೆ. ಫೋನ್ ಎತ್ತಿದೆ.

ಎತ್ತಿದವಳು ಕೆಳಗಿಟ್ಟೆ. ಇದು ಮುಗಿದರೆ ಅವಳು ಶನಿವಾರ ಯಾಕೆ ಬರುತ್ತಾಳೆ? ಹನ್ನೆರಡು ವರ್ಷ ನಾನು ಕಾದಿದ್ದು ಅವಳಿಗಾಗಿ ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಇನ್ನೆರಡು ಶನಿವಾರ ಇರಲಿ, ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಅಂದುಕೊಂಡು ಆ ಸಾಲನ್ನು ಮತ್ತೆ ಸೇರಿಸಿದೆ.

ಆ ಎರಡು ಶನಿವಾರ ಎಷ್ಟು ಚೆನ್ನಾಗಿದ್ದವು! ಅಕ್ಕಿರೊಟ್ಟಿ ತಿಂದೆವು, ಹಳೆಯ ಮ್ಯಾನೇಜರನ ನಡಿಗೆ ಅಣಕಿಸಿ ನಕ್ಕೆವು. ನಡುನಡುವೆ ಅವಳು ಲ್ಯಾಪ್‌ಟಾಪಿನ ಖಾಲಿ ಪರದೆಯನ್ನು ನೋಡಿ ಸಪ್ಪಗಾಗುತ್ತಿದ್ದಳು. ನಾನು ಕಾಣದವಳಂತೆ ಚಟ್ನಿ ಬಡಿಸುತ್ತಿದ್ದೆ.

ಆರನೇ ಶನಿವಾರ ಅವಳ ಬದಲು ಫೋನ್ ಬಂತು.

“ಬರಲ್ಲ ಕಣೇ. ನನ್ ಕೈಲಾಗಲ್ಲ. ಇಂಟರ್ವ್ಯೂಗೂ ಬರಲ್ಲ ಅಂತ ನಿನ್ನೆ ಮೇಲ್ ಹಾಕ್ಬಿಟ್ಟೆ.”

ಮಾಡಿದ್ದುಣ್ಣೋ ಮಹರಾಯ.

“ಚೈತ್ರ, ಅದು ಬೂಟ್ ಆಗತ್ತೆ. ನೀನು ಹೇಳಿದ್ ಸಾಲು ತೆಗೆದೆ, ಆಯ್ತು. ಎರಡೂವರೆ ವಾರ ಆಯ್ತು. ನೀನು ಬರೋದು ನಿಂತೋಗತ್ತೆ ಅಂತ ನಾನೇ ಮತ್ತೆ ಹಾಕಿಟ್ಟೆ.”

ಆಚೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು.

“ನಾನ್ ಹೇಳಿದ್ದು ಸರಿ ಇತ್ತಾ?”

“ಸರಿ ಇತ್ತು.”

“ಇಡ್ತೀನಿ. ಆ ಕಂಪನಿಯವ್ರಿಗೆ ಫೋನ್ ಮಾಡ್ಬೇಕು.”

ಅಷ್ಟೇ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ, ಮುಂದಿನ ಶನಿವಾರ ಬರುತ್ತಾಳೆ ಅಂದುಕೊಳ್ಳಬಹುದಿತ್ತು.