ಬೆರಳೆತ್ತಿದಾಗ

"ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಂವನ ಮಾತು ಕೇಳಿ ಮಂಡಿ ಅವನ ಕೈಯಾಗ ಕೊಟ್ಟೀನಿ ನೋಡ್ರಿ, ಮದಲ ನನಗ ಹೊಡೀಬೇಕು!"

ಮಂಡಿ ಮಾಲೀಕ ಏಕಾಂತಪ್ಪನ ಗಂಟಲು ಚೆನ್ನೈನ ಕೋಯಂಬೇಡು ಮಾರುಕಟ್ಟೆಯ ಈರುಳ್ಳಿ ಸಾಲಿನುದ್ದಕ್ಕೂ ಕೇಳಿಸಿತು. ಇಬ್ಬರು ಲಾರಿ ಡ್ರೈವರುಗಳು, ಮೂಟೆ ಇಳಿಸಲು ಕಾದಿದ್ದ ಐದಾರು ಹಮಾಲರು, ಪಕ್ಕದ ಮಂಡಿಯ ಗುಮಾಸ್ತ, ಎಲ್ಲರೂ ನಂಜುಂಡನ ಕಡೆಗೇ ನೋಡಿದರು. ಕನ್ನಡ ಬಾರದ ಡ್ರೈವರನಿಗೂ ಬೈಗುಳ ತಿಳಿದಿತ್ತು. ಅವನು ಬೀಡಿ ಕಚ್ಚಿಕೊಂಡೇ ನಕ್ಕ.

ನಂಜುಂಡನ ಕಿವಿ ಕಾದವು. ಇಪ್ಪತ್ತಮೂರರ ಹುಡುಗ, ಮೂಗಿನ ತುದಿಯಲ್ಲೇ ಸಿಟ್ಟು. ಅದರಿಂದಲೇ ಎರಡು ಕೆಲಸ ಕಳೆದುಕೊಂಡಿದ್ದ. ಪಲ್ಲಾವರಂ ಸಂತೆಯಲ್ಲಿ ಹಳೇ ಕೀಬೋರ್ಡು, ಮೌಸು ಮಾರುತ್ತ, ಹಳೇ ಲ್ಯಾಪ್‌ಟಾಪೊಂದಕ್ಕೆ ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಂಡು, ವೆಸ್ಟ್ ಮಾಂಬಲಂನ ಕೋಣೆಯಲ್ಲಿ ಒಬ್ಬನೇ ಪ್ರೋಗ್ರಾಮಿಂಗ್ ಕಲಿತವನು. ಈ ಮಂಡಿಗೆ ಲಾರಿಗಳ ಸರದಿ ನೋಡಿಕೊಳ್ಳುವ ಪ್ರೋಗ್ರಾಂ ಬರೆದುಕೊಡುವುದು ಅವನ ಸ್ವಂತದ ಮೊದಲ ಕೆಲಸ. ತೆರೆಯ ಮೇಲೆ ಲಾರಿಗಳ ಪಟ್ಟಿ. ಒಂದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಚಿಕ್ಕ ಮೆನು ಬಿಚ್ಚಿಕೊಂಡು ‘ಇಳಿಸಿ’, ‘ಕಾಯಲಿ’, ‘ಹಿಂದಿನ ಗೇಟಿಗೆ’ ಎಂದು ತೋರಿಸಬೇಕು. ಮಂಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಎಷ್ಟು ಒತ್ತಿದರೂ ಅದು ತುಟಿ ಪಿಟಕ್ಕೆನ್ನಲಿಲ್ಲ.

"ಮಿಷಿನ್ನೇ ಸರಿಯಿಲ್ಲ ನಿಮ್ದು, ಸಾವ್ಕಾರ್ರೆ! ನಂದ್ರಲ್ಲಿ ಬತ್ತದೆ, ನೋಡಿ!" ನಂಜುಂಡ ಲ್ಯಾಪ್‌ಟಾಪ್ ತಿರುಗಿಸಿ ಗುಂಡಿ ಒತ್ತಿದ. ಒತ್ತಿದ್ದೇ ತಡ, ಮೆನು ನೆಗೆಯಿತು.

"ಹಂಗಾರ ನಿನ್ನ ಲ್ಯಾಪ್‌ಟಾಪ್ ಮ್ಯಾಲ ಉಳ್ಳಾಗಡ್ಡಿ ಇಳಿಸ್ಲೇನು? ಹತ್ತು ಗಂಟೆ ತನಕ ನೋಡ್ತೀನಿ. ಆಮ್ಯಾಲ ಅಡ್ಯಾರಿಂದ ಬಿ.ಇ. ಓದಿದ ಹುಡುಗ ಬರ್ತಾನ. ನೀ ಮತ್ತ ಈ ಮೆಟ್ಲ ಹತ್ತಬ್ಯಾಡ."

ಮೌಸನ್ನು ಕಿತ್ತು ಎಸೆದುಬಿಡುವಷ್ಟು ಕೈ ತುರಿಸಿತು. ಆದರೆ ಸಿಟ್ಟಿನ ಅಡಿಯಲ್ಲಿ ಒಂದು ಹೆದರಿಕೆಯೂ ಇತ್ತು. ಈ ಮನುಷ್ಯ ಹೇಳಿದ್ದೇ ನಿಜವಾಗಿದ್ದರೆ? ಕಾಲೇಜಿನಲ್ಲಿ ಮೊದಲ ದಿನವೇ ಹೇಳಿಕೊಡುವ ಏನೋ ಒಂದು ತನಗೆ ಗೊತ್ತಾಗದೇ ಉಳಿದಿದ್ದರೆ?

"ಸರಿ ತಮ್ಮಾ, ಒಂದ್ಸಲ ರಿಫ್ರೆಶ್ ಮಾಡ್ತೀನಿ," ಎಂದು ನಂಜುಂಡನ ಕಡೆ ತಿರುಗಿದಳು ಕಲ್ಯಾಣಮ್ಮ. ಏಕಾಂತಪ್ಪನ ಅಕ್ಕ, ಬಂದ ಲಾರಿಗಳನ್ನು ನಮೂದಿಸುವ ಕೆಲಸ ಅವಳದು. ಯಾವ ಕೆಲಸಕ್ಕೂ ಮೊದಲು ಖಾಲಿ ತೆರೆಯ ಮೇಲೆ ಬಲಗುಂಡಿ ಒತ್ತಿ ‘ರಿಫ್ರೆಶ್’ ಮಾಡದಿದ್ದರೆ ಅವಳಿಗೆ ಕೈ ಓಡುತ್ತಿರಲಿಲ್ಲ.

"ಅದ್ರಿಂದ ಏನೂ ಆಗಲ್ಲ ಕಣಕ್ಕಾ."

"ಆಗದಿದ್ರ ಬಿಡು. ನನಗ ಸಮಾಧಾನ."

ಗಂಟು ಊದಿದ ಬೆರಳು ಅವಳದು. ನಿಧಾನವಾಗಿ ಒತ್ತಿ, ಒಂದಷ್ಟು ಹೊತ್ತು ಅಲ್ಲೇ ಊರಿದಳು. ಏನೂ ಬರಲಿಲ್ಲ. ಬೆರಳೆತ್ತಿದಳು. ವಿಂಡೋಸ್‌ನದೇ ಮೆನು ಬಿಚ್ಚಿಕೊಂಡಿತು.

ನಂಜುಂಡ ತೆರೆಯತ್ತ ಬಗ್ಗಿದ. "ಅಕ್ಕಾ, ಇನ್ನೊಂದ್ಸಲ. ಒತ್ತಿ. ಒತ್ಕಂಡೇ ಇರಿ... ಈಗ ಬುಡಿ."

ಬಿಟ್ಟಾಗ ಬಂತು. ಅವನ ಲಿನಕ್ಸ್‌ನಲ್ಲಿ ಮೆನು ಒತ್ತಿದ ಗಳಿಗೆಗೇ ಬರುತ್ತದೆ, ಇಲ್ಲಿ ಬೆರಳು ಎದ್ದ ಮೇಲೆ. ಒತ್ತುವುದು ಒಂದು ಘಟನೆ, ಬಿಡುವುದು ಇನ್ನೊಂದು. ‘ಇವರು ಕೇಳುತ್ತಿರುವುದು ಮೆನುವನ್ನೇ?’ ಎಂಬ ಪ್ರಶ್ನೆಯನ್ನು ಅವನು ಪ್ರೋಗ್ರಾಮಿನಲ್ಲಿ ಒತ್ತುವ ಕಡೆ ಮಾತ್ರ ಬರೆದಿದ್ದ. ಬಿಡುವ ಕಡೆ ಕೇಳಿಯೇ ಇರಲಿಲ್ಲ.

ಅದೇ ಎರಡು ಸಾಲು ಅಲ್ಲೂ ಸೇರಿಸಿದ. ಪೆನ್‌ಡ್ರೈವ್ ಚುಚ್ಚುವಾಗ ಗಡಿಯಾರ ಹತ್ತಕ್ಕೆ ಕಾಲು ಗಂಟೆ ಕಡಿಮೆ ತೋರಿಸುತ್ತಿತ್ತು. ಕಲ್ಯಾಣಮ್ಮ ಎರಡು ಸಲ ರಿಫ್ರೆಶ್ ಮಾಡಿ, ಮೊದಲ ಲಾರಿಯ ಮೇಲೆ ಬೆರಳೂರಿ, ಎತ್ತಿದಳು.

"ಅಯ್ಯ ನಮ್ಮಪ್ಪಾ, ಬಂತಲ್ಲೋ!"

‘ಇಳಿಸಿ’ ಒತ್ತಿದೊಡನೆ ಸಾಲು ಹಸಿರಾಯಿತು. ಹಮಾಲರು ತಲೆವಸ್ತ್ರ ಕೊಡವಿ ಎದ್ದರು. ತಡೆಯಲಾರದ ನಗು ಒಂದು ನಂಜುಂಡನ ಮೂಗಿನಿಂದಲೇ ಹೊರಟಿತು. ಗೊತ್ತಿಲ್ಲದೆ ಉಳಿದದ್ದು ಇಷ್ಟೇ, ಅದೂ ಈಗ ಗೊತ್ತಾಗಿತ್ತು.

ಏಕಾಂತಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ದನಿ ಇಳಿದಿತ್ತು. "ಏನಾಗಿತ್ತಲೇ? ಆ ಹುಡುಗಗ ಬರಬ್ಯಾಡ ಅಂತ ಹೇಳ್ತೀನಿ ತಗೋ. ಇದನ್ನೆಲ್ಲ ಎಲ್ಲಿ ಕಲ್ತೀಯೋ ನೀ?"

ಬೆಳಗಿನಿಂದ ನಾಲಿಗೆಯ ಮೇಲೆ ಮಸೆದಿಟ್ಟುಕೊಂಡಿದ್ದ ಮಾತುಗಳು ನಂಜುಂಡನಿಗೆ ಈಗ ಬೇಕೆನ್ನಿಸಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿದು ಹೂವಿನ ಸಾಲಿನ ಕಡೆ ನಡೆದ. ಅಲ್ಲಿ ಹೆಂಗಸೊಬ್ಬಳು ಮಲ್ಲಿಗೆ ರಾಶಿಗೆ ನೀರು ಚಿಮುಕಿಸುತ್ತಿದ್ದಳು. ನಾಲ್ಕು ಹನಿ ಅವನ ಮುಖಕ್ಕೂ ಸಿಡಿದವು. ಒರೆಸಿಕೊಳ್ಳದೆ ಮುಂದೆ ಹೋದ.